ಬೇರಿನ ಜೊತೆ ಒಸಿ ಮಣ್ಣು

ಪಾಲಹಳ್ಳಿಯಲ್ಲಿ ತೆಂಗಿನ ಸಸಿ ಮಾರುತ್ತಿದ್ದ ನಮ್ಮ ಪಕ್ಕದ ಮನೆಯ ಯಜಮಾನರು ಅದೇ ಶೆಡ್ಡಿನಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದರು. ‘ನರ್ಸರಿ’ ಎಂಬ ಬೋರ್ಡು ಹೇಗೂ ಇತ್ತು. ಯಾರಾದರೂ ಕೇಳಿದರೆ, “ಎರಡೂ ಒಂದೇ ಬುಡಪ್ಪ” ಎನ್ನುತ್ತಿದ್ದರು. ಒತ್ತಾಗಿ ಕೂತರೆ ಬೆಳೆಯುವುದಿಲ್ಲವೆಂದು ಮಕ್ಕಳನ್ನು ಹಗ್ಗ ಹಿಡಿದು ಅಳೆದು ಕೂರಿಸುತ್ತಿದ್ದರು. ಸಪ್ಪಗಿರುವವರನ್ನು ಬಿಸಿಲಿಗೆ ಸರಿಸುತ್ತಿದ್ದರು.

ಅಲ್ಲೇ ಕಲಿತ ನನ್ನ ಮಗಳು ಬೇರೆ ಶಾಲೆಯ ಒಂದನೇ ಕ್ಲಾಸಿಗೆ ಹೊರಟಾಗ ಅಂಗಳದ ಮಣ್ಣನ್ನು ಅವಳ ಮುಷ್ಟಿಗೆ ತುಂಬಿದರು. “ಬೇರಿನ ಜೊತೆ ಒಸಿ ಮಣ್ಣಿಲ್ದೆ ಕಿತ್ತು ನೆಟ್ರೆ ಬಾಡೋಯ್ತವೆ ಕಣಪ್ಪ” ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಹೊಸ ಶಾಲೆಯಲ್ಲಿ ಮಕ್ಕಳೆಲ್ಲ ಬಾಗಿಲು ಹಿಡಿದು ಅಳುತ್ತಿದ್ದರು. ನನ್ನ ಮಗಳು ಮಣ್ಣನ್ನು ನೆಲಕ್ಕೆ ಸುರಿದು, ಅದರ ಮೇಲೆ ಎರಡೂ ಪಾದ ಊರಿ ನಿಂತಳು.

“ಅಪ್ಪಾ, ನೀರಾಕ್ಬುಟ್ಟು ನೀನು ಓಗು” ಎಂದಳು.