ಅಂಪೈರ್ ಟೈಮ್ ಅಂದ ಮೇಲೆ

ನನ್ನ ಮೊಮ್ಮಗಳು ಸಾಫ್ಟ್‌ಬಾಲ್ ಆಡುತ್ತಿದ್ದಳು. ನೋಡಲು ಕ್ರಿಕೆಟ್ಟಿನ ಹಾಗೆ, ಆದರೆ ಅದಲ್ಲ. ಚೆಂಡು ಎಸೆಯುವವಳು ಕೈಯನ್ನು ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಬಿಡಬೇಕು. ಅವಳಿಗೆ ಪಿಚರ್ ಎನ್ನುತ್ತಾರೆ. ಮೊಮ್ಮಗಳಿಗೆ ಪಿಚರ್ ಆಗುವ ಹುಚ್ಚು. ಬೇರೆ ಯಾವ ಜಾಗ ಕೊಟ್ಟರೂ ಮುಖ ಊದಿಸುತ್ತಿದ್ದಳು.

ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಮೈದಾನಕ್ಕೆ ಜೊತೆಗೆ ಹೋಗುವುದು ನನ್ನ ಪಾಲಿಗೆ ಬಂತು. ನನಗೆ ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಬರುತ್ತದೆ, ಅಷ್ಟೇ. ಆದರೆ ಕಣ್ಣು ಸರಿಯಿತ್ತು. ಕೂತು ನೋಡಿ ನೋಡಿ ಆಟ ತಿಳಿಯಿತು.

ಆಟ ಕಲಿಸುವ ಮೇಷ್ಟ್ರು ಮೊದಲ ವರ್ಷ ಅವಳಿಗೆ ಪಂದ್ಯದಲ್ಲಿ ಚೆಂಡು ಕೊಡಲಿಲ್ಲ. ಎಳೆ ಭುಜ, ಉಳುಕಿದರೆ ಮುಂದೆ ಕಷ್ಟ ಎಂದರು. ರವೀಂದ್ರನಗರದ ನಮ್ಮ ಮನೆಯ ಹಿತ್ತಲಲ್ಲಿ ಗೋಣಿಚೀಲ ನೇತುಹಾಕಿಕೊಂಡು ಅದಕ್ಕೆ ಎಸೆಯುತ್ತಿದ್ದಳು. ಚೀಲಕ್ಕಿಂತ ಗೋಡೆಗೇ ಹೆಚ್ಚು ಬೀಳುತ್ತಿತ್ತು.

“ಏನ್ರೀ, ಮನೆ ಒಡೀತಾ ಇದ್ದೀರಾ?” ಎಂದು ಪಕ್ಕದ ಮನೆಯಾಕೆ ಕೇಳಿದಳು.

“ಗೋಡೆ ನಮ್ದು, ಒಡ್ಕೋತೀವಿ ಬಿಡ್ರಿ” ಎಂದೆ.

ಮರುವರ್ಷ ನಮ್ಮ ಶಿವಮೊಗ್ಗದಲ್ಲೇ ಟೂರ್ನಮೆಂಟು. ಭದ್ರಾವತಿಯ ಹುಡುಗಿಯರ ಮೇಲೆ ಫೈನಲ್. ಅವರು ಕಾರ್ಖಾನೆ ಕ್ವಾರ್ಟರ್ಸಿನ ಮಕ್ಕಳು, ತಮಿಳು, ತೆಲುಗು, ಕನ್ನಡ ಎಲ್ಲ ಸೇರಿಸಿ ಕಿರುಚುವವರು. ನಮ್ಮ ದೊಡ್ಡ ಪಿಚರಿಗೆ ಜ್ವರ ಬಂದಿತ್ತು. ಮೇಷ್ಟ್ರು ಚೆಂಡನ್ನು ನನ್ನ ಮೊಮ್ಮಗಳ ಕೈಗೆ ಕೊಟ್ಟರು.

ಚೆನ್ನಾಗಿಯೇ ಎಸೆದಳು. ಮೂರು ಬೇಸು ದಾಟಿ, ಬ್ಯಾಟು ಬೀಸಿದ ಜಾಗಕ್ಕೇ ವಾಪಸು ಬಂದರೆ ಒಂದು ರನ್ನು. ಕೊನೆಯ ಹೊತ್ತಿಗೆ ಎರಡೂ ಕಡೆ ರನ್ನು ಸಮ. ಭದ್ರಾವತಿಯವರ ಬ್ಯಾಟಿಂಗು, ಅವರು ಒಂದು ರನ್ನು ಹೊಡೆದರೆ ಮುಗಿಯಿತು. ಇವಳು ಎಸೆದ ಚೆಂಡು ಬ್ಯಾಟಿನವಳ ಹಿಂದೆ ನಿಂತ ಕ್ಯಾಚರಿನ ಕೈ ತಪ್ಪಿತು. ಮೂರನೆಯ ಬೇಸಿನಲ್ಲಿದ್ದ ಹುಡುಗಿ ರನ್ನಿಗೆ ಓಡಿಬಂದಳು. ಇವಳೂ ಆ ಜಾಗಕ್ಕೆ ಓಡಿದಳು, ಕ್ಯಾಚರ್ ಎಸೆದ ಚೆಂಡು ಹಿಡಿದಳು, ಜಾರಿ ಬಂದ ಹುಡುಗಿಗೆ ಮುಟ್ಟಿಸಿದಳು. ಔಟ್! ನಾನು ಎದ್ದು ನಿಂತೆ.

ಆದರೆ ಓಡಿದ ರಭಸಕ್ಕೆ ಇವಳ ಕಾಲು ಆ ಹುಡುಗಿಯ ಮೊಣಕಾಲಿನ ಮೇಲೆ ಬಿದ್ದಿತ್ತು. ಇವಳು ಬಗ್ಗಿ, ಅವಳ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಮ್ಮ ಮನೆಗಳಲ್ಲಿ ಯಾರಿಗೆ ಕಾಲು ತಾಗಿದರೂ ಹಾಗೆ ಮಾಡುತ್ತೇವೆ. ಯೋಚಿಸಿ ಮಾಡುವುದಲ್ಲ, ಕೈ ತಾನೇ ಹೋಗುತ್ತದೆ. ಆದರೆ ಈ ಆಟದಲ್ಲಿ ಒಬ್ಬಳು ಔಟಾದರೂ ಆಟ ನಿಲ್ಲುವುದಿಲ್ಲ. ಇವಳು ಕಣ್ಣು ಮುಚ್ಚಿದ್ದಾಗ, ಅಷ್ಟರಲ್ಲಿ ಮೂರನೆಯ ಬೇಸಿಗೆ ಬಂದಿದ್ದ ಅವರ ಇನ್ನೊಬ್ಬಳು ಓಡಿಬಂದು ರನ್ನು ಮುಗಿಸಿಬಿಟ್ಟಳು. ಚೆಂಡು ಇವಳ ಕೈಯಲ್ಲೇ ಇತ್ತು. ನಮ್ಮವರು ಸೋತರು.

“ಊದುಬತ್ತಿನೂ ಹಚ್ಬೇಕಿತ್ತು ಕಣೇ, ಪೂಜೆ ಮುಗೀತಿತ್ತು” ಎಂದಳು ಕ್ಯಾಚರ್ ಹುಡುಗಿ.

ಆಮೇಲಿನ ಅಭ್ಯಾಸದಲ್ಲಿ ಮೇಷ್ಟ್ರು ಅವಳನ್ನು ದೂರ, ಕಾಂಪೌಂಡಿನ ಹತ್ತಿರ ನಿಲ್ಲಿಸಿದರು. ಅಲ್ಲಿಗೆ ಚೆಂಡು ಬರುವುದೇ ಅಪರೂಪ. ಮನೆಯಲ್ಲಿ ಊಟ ಕಡಿಮೆಯಾಯಿತು, ಮಾತು ನಿಂತಿತು. ನೋಡಿ ನೋಡಿ ಸಾಕಾಗಿ ಮೇಷ್ಟ್ರ ಹತ್ತಿರ ಹೋದೆ.

“ಮೇಷ್ಟ್ರೇ, ಕಾಲು ತಾಗಿದ್ರೆ ಮುಟ್ಬೇಡ ಅಂತ ಕಲಿಸ್ತೀರಾ?”

“ಮುಟ್ಲಿ ಅಜ್ಜಿ, ಬೇಡ ಅಂದೋರ್ಯಾರು? ಆಟ ನಿಲ್ಸಿ ಅಂಪೈರ್ ಟೈಮ್ ಅಂತಾನಲ್ಲ, ಆಮೇಲೆ ಮುಟ್ಲಿ. ಅಲ್ಲೀವರೆಗೂ ಕಣ್ಣು ಓಡೋರ ಮೇಲಿರ್ಬೇಕು.”

“ಅದು ಕಲ್ತರೆ ಚೆಂಡು ಕೊಡ್ತೀರಾ?”

“ಕಲೀಲಿ, ನೋಡೋಣ.”

ಅವತ್ತಿನಿಂದ ಹಿತ್ತಲಲ್ಲಿ ನಾನು ಸ್ಟೂಲು ಹಾಕಿಕೊಂಡು ಕೂತೆ. ಅವಳು ಚೀಲಕ್ಕೆ ಎಸೆದು, ಬಿದ್ದ ಚೆಂಡು ಎತ್ತಿಕೊಂಡು ನನ್ನ ಹತ್ತಿರ ಓಡಿಬರಬೇಕು. ನಾನು ಕಾಲು ಚಾಚಿ ತಾಗಿಸುತ್ತಿದ್ದೆ. ಸೀಬೆಮರವೇ ಮೂರನೆಯ ಬೇಸು, ಅಲ್ಲಿ ಒಬ್ಬಳು ನಿಂತಿದ್ದಾಳೆಂದು ಲೆಕ್ಕ. ಕಾಲು ತಾಗಿದ ಕೂಡಲೇ ಅವಳ ಕೈ ಕೆಳಗೆ ಬರುತ್ತಿತ್ತು.

“ಓಡಿಬಿಟ್ಲು! ಹೋಯ್ತು ನಿನ್ನ ಆಟ!” ಎಂದು ನಾನು ಕೂಗುತ್ತಿದ್ದೆ.

ದಿನಾ ಇದೇ. ಕೈ ಬರುವುದು ನಿಲ್ಲಲೊಲ್ಲದು. ನಾನು ಬೈದೆ, ಅವಳು ಅತ್ತಳು. ಅಳುತ್ತಲೇ ಮತ್ತೆ ಎಸೆದಳು.

ಒಂದು ಸಂಜೆ ಓಡಿಬಂದವಳು ನಿಜವಾಗಿಯೂ ನನ್ನ ಹೆಬ್ಬೆರಳಿನ ಮೇಲೆ ಶೂ ಕಾಲಿಟ್ಟಳು. ಕಣ್ಣಲ್ಲಿ ನೀರು ಬಂತು.

“ಅಯ್ಯೋ, ಬೆರಳು ಹೋಯ್ತಲ್ಲೇ ಮಾರಾಯ್ತಿ!”

ಅವಳು ನನ್ನ ಕಡೆ ತಿರುಗಲೇ ಇಲ್ಲ. ಚೆಂಡು ಎತ್ತಿ ಹಿಡಿದು ಸೀಬೆಮರವನ್ನೇ ದುರುಗುಟ್ಟಿ ನೋಡುತ್ತಿದ್ದಳು.

“ಏ, ನೋಡೇ ಇಲ್ಲಿ!”

“ಇರಜ್ಜಿ, ಇನ್ನೂ ಟೈಮ್ ಅಂದಿಲ್ಲ.”

“ಟೈಮ್! ಟೈಮ್ ಕಣೇ, ಮುಂಡೇದೇ!”

ಆಗ ಬಗ್ಗಿ, ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅಲ್ಲೇ ಕೂತು ಬೆರಳು ನೀವಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಉಗುರು ಕಪ್ಪಾಗಿ ಕೊನೆಗೆ ಬಿದ್ದೇಹೋಯಿತು.

ಮರುದಿನ ಅವಳು ಮೇಷ್ಟ್ರೆದುರು ಹಾಗೆಯೇ ಮಾಡಿ ತೋರಿಸಿದಳಂತೆ. ಅವರು ಹೊಗಳಲಿಲ್ಲ, ಹೊಗಳುವ ಜಾತಿಯವರಲ್ಲ. ಆದರೆ ಮುಂದಿನ ಟೂರ್ನಮೆಂಟು ಭದ್ರಾವತಿಯಲ್ಲಿ ನಡೆದಾಗ ಚೆಂಡು ಅವಳಿಗೇ ಕೊಟ್ಟರು. ನಾನು ಕುಂಟುತ್ತಲೇ ಹೋಗಿ ಕೂತೆ. ಮೊದಲ ಚೆಂಡು ಕ್ಯಾಚರಿನ ತಲೆಯ ಮೇಲೆ ಹೋಯಿತು, ಎರಡನೆಯದೂ ಹಾಗೇ. ಮೇಷ್ಟ್ರು ಕೈಕಟ್ಟಿ ನಿಂತಿದ್ದರು, ಬೇರೆಯವಳನ್ನು ಕರೆಯಲಿಲ್ಲ. ಆಮೇಲೆ ಸರಿಹೋಯಿತು.

ಅದನ್ನೂ ಸೋತರು. ಆ ಭದ್ರಾವತಿ ಹುಡುಗಿಯರು ನಿಜವಾಗಿಯೂ ಗಟ್ಟಿ. ಆದರೆ ಆಟ ಮುಗಿಯುವವರೆಗೂ ಎಸೆದವಳು ನಮ್ಮವಳೇ. ವಾಪಸು ಬರುವಾಗ ಬಸ್ಸಿನಲ್ಲಿ ಯಾವ ಚೆಂಡು ಹೇಗೆ ಬಿಟ್ಟೆ ಎಂದು ಹೇಳಿ ಹೇಳಿ ನನ್ನ ತಲೆ ತಿಂದಳು. ಸುಮ್ಮನಿರೇ ಎನ್ನಲು ನನಗೆ ಮನಸ್ಸು ಬರಲಿಲ್ಲ.