ಮೊದಲ ವರ್ಷದ ಗಾಡಿ

ಅಮೆರಿಕದ ವಿಸ್ಕಾನ್ಸಿನ್ನಿನ ಆ ಪುಟ್ಟ ಊರಿನಲ್ಲಿ ಆರ್ಡೆನ್ ಎಂದರೆ ಮೊದಲ ವರ್ಷದ ಗಾಡಿಯ ಆರ್ಡೆನ್. ಅವನ ಬೈಕು ಅದರ ಮಾದರಿ ಹೊರಬಂದ ಮೊದಲ ವರ್ಷದ್ದು. ಅದೇ ಮಾದರಿಯ, ಹತ್ತು ವರ್ಷ ಈಚಿನ ಬೈಕು ಅದೇ ಊರಿನ ಲೈಲ್‌ನದು. ಗುಂಡಿ ಒತ್ತಿದರೆ ಹೊರಡುತ್ತದೆ. ಆರ್ಡೆನ್‌ನದು ನಿಂತಲ್ಲೆಲ್ಲ ಎಣ್ಣೆ ಚೆಲ್ಲುತ್ತದೆ. "ಸೋರ್ತಿಲ್ಲ ಕಣ್ರೋ, ಬೆವರ್ತಿದೆ!" ಎನ್ನುತ್ತಾನೆ. ಭಾನುವಾರ ಕಾಫಿ ಅಂಗಡಿಯ ಮುಂದೆ ಅವನು ಕಿಕ್ ಹೊಡೆಯತೊಡಗಿದರೆ ಒಳಗಿದ್ದವರೆಲ್ಲ ತಟ್ಟೆ ಬಿಟ್ಟು ಹೊರಗೆ. ಒಬ್ಬ ಸ್ಪ್ಯಾನರ್ ಕೊಡುತ್ತಾನೆ, ಇನ್ನೊಬ್ಬ ಗಾಡಿಯ ವಂಶವನ್ನೇ ಬೈಯುತ್ತಾನೆ, ಅಂಗಡಿಯ ಡೋರಿಸ್ ಆರ್ಡೆನ್ ಒಬ್ಬನಿಗೆ ಚೆರಿ ಹಣ್ಣಿನ ಸಿಹಿ ಪೈಯನ್ನು ಬೀದಿಗೇ ತಂದುಕೊಡುತ್ತಾಳೆ. "ನಿಂದು ಬೈಕಲ್ಲ, ಫ್ಯಾನು ಕಣೋ. ಗುಂಡಿ ಒತ್ತಿದ್ರೆ ತಿರುಗುತ್ತೆ, ಅಷ್ಟೇ!" ಎಂದು ಆರ್ಡೆನ್ ಛೇಡಿಸಿದಾಗಲೆಲ್ಲ ಲೈಲ್‌ನ ಹೊಟ್ಟೆಯಲ್ಲಿ ಕಿಚ್ಚು. ಕೆಡದ ಗಾಡಿಯವನನ್ನು ಏನಾಯ್ತೆಂದು ಯಾರು ಕೇಳುತ್ತಾರೆ? ಹೆಂಡತಿ ತೀರಿಕೊಂಡ ಮೇಲೆ ಲೈಲ್‌ನನ್ನು ಮಾತಾಡಿಸುವವರೇ ಇಲ್ಲ. ಕಳೆದ ಭಾನುವಾರ ಅಂಗಡಿಯ ಮುಂದೆ ಅವನು ತನ್ನ ಬೈಕಿನ ಪ್ಲಗ್ಗಿನ ವಯರನ್ನು ತಾನೇ ಕಿತ್ತು, ಸುಮ್ಮನೆ ಗುಂಡಿ ಒತ್ತುತ್ತಾ ನಿಂತ. ಮೊದಲು ಓಡಿಬಂದವನು ಆರ್ಡೆನ್. ಬಗ್ಗಿ ನೋಡಿದ. ಕಿತ್ತ ವಯರು ಕಂಡಿತು, ಕೆಂಪಾದ ಲೈಲ್‌ನ ಮುಖವೂ ಕಂಡಿತು. ವಯರನ್ನು ಮುಟ್ಟದೆ ಎದ್ದು, ಅಂಗಡಿಯತ್ತ ತಿರುಗಿ ಕೂಗಿದ: "ಬನ್ರೋ ಎಲ್ಲಾ, ಇದು ದೊಡ್ಡ ರಿಪೇರಿ!"