ಬಿಟ್ಟು ಓದುವ ದನಿ

ಗುಳೇದಗುಡ್ಡದ ಆ ಮನೆಯಲ್ಲಿ ಅಂದು ನಾವು ಮೂವರೇ ಇದ್ದೆವು: ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಪ್ಪಸದ ಖಣ ನೇಯುತ್ತಿದ್ದ ತಾಯಿ, ಚಾಪೆಯ ಮೇಲೆ ಕೂತಿದ್ದ ಒಂಬತ್ತನೇ ತರಗತಿಯ ಮಗಳು, ಅವಳ ಪಕ್ಕದಲ್ಲಿ ಫೋನು ಹಿಡಿದ ನಾನು. ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಇಂಥ ಮಕ್ಕಳಿಗೆ ಪಾಠ ಮುಟ್ಟಿಸಲು ಊರೂರು ತಿರುಗುವ ಶಿಕ್ಷಕಿ ನಾನು. ಅವಳಿಗೆ ದಿನಾ ಪುಸ್ತಕ ಓದಿ ಹೇಳುತ್ತಿದ್ದ ಗೆಳತಿಯ ಮನೆಯವರು ಇಳಕಲ್ಲಿಗೆ ಹೋಗಿಬಿಟ್ಟಿದ್ದರು. ಪರೀಕ್ಷೆಗೆ ಒಂದೇ ತಿಂಗಳು, ಓದುವವರು ಇರಲಿಲ್ಲ.

ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೆ ವಾರಕ್ಕೊಂದು ಹೊಸ ಆ್ಯಪಿನ ಲಿಂಕು ಬಂದು ಬೀಳುತ್ತದೆ. ‘ಎಲ್ಲ ಮಕ್ಕಳಿಗೂ ಕಲಿಕೆ, ಎಲ್ಲವೂ ಉಚಿತ!’ ಎಂದು ಅದರಲ್ಲಿ ಬರೆದಿರುತ್ತದೆ. ಒಂದನ್ನು ನಾವು ಕಲಿಯುವುದರೊಳಗೆ ಅದು ಮುಚ್ಚಿ ಇನ್ನೊಂದು ಬಂದಿರುತ್ತದೆ. ನನಗೆ ಇವುಗಳ ಮೇಲೆ ಮೊದಲಿನಿಂದಲೂ ಗುಮಾನಿ. ತೆರೆದ ಕೂಡಲೇ ಮಗುವಿನ ಫೋಟೊ ಬೇಕು, ಅಂಗವಿಕಲರ ಪ್ರಮಾಣಪತ್ರ ಬೇಕು ಎನ್ನುತ್ತವೆ. ಪಾಠ ಓದುವುದಕ್ಕೆ ಮುಖ ಯಾಕೆ? ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದುವ ಈ ಹೊಸ ಆ್ಯಪ್ ಮಾತ್ರ ಏನನ್ನೂ ಕೇಳಲಿಲ್ಲ. ಅದಕ್ಕೇ ನಂಬಿದ್ದೆ.

“ಪುಕ್ಕಟೆ ಐತಿ, ಏನೂ ಕೇಳಂಗಿಲ್ಲ ಅಂದ್ರ ನನಗ ಇನ್ನೂ ಸಂಶೆ ಬರ್ತೈತ್ರಿ ಅಕ್ಕೋರ,” ಎಂದಳು ತಾಯಿ, ಕೈಕೆಲಸ ಬಿಡದೆ.

“ನಮ್ಮವ್ವ ಹಾಲಿನವನ್ನೂ ನಂಬಂಗಿಲ್ರಿ,” ಎಂದಳು ಮಗಳು.

“ನಂಬಿದಾಗೆಲ್ಲಾ ನೀರ ಕುಡದೇವಿ, ಸುಮ್ಕ ಕುಂದರು.” ಮಗ್ಗದ ಸದ್ದು ನಿಂತಿತು. “ಮಗ್ಗಕ್ಕ ಹೊಸಾ ಹಾಸುನೂಲು ಬಂದ್ರ ನಾವು ಹಳೇದರ ತುದಿಗೆ ಎಳಿಗೆ ಎಳಿ ಕೂಡಸ್ತೇವ್ರಿ. ಒಂದೆಳಿ ಕಡಿಮಿ ಇದ್ರ ಅಲ್ಲೇ ಗೊತ್ತಾಗ್ತೈತಿ. ಇದಕ್ಕೂ ಹಂಗ ಮಾಡ್ರಿ. ಆಕಿ ಬಾಯಾಗ ಇದ್ದ ಪಾಠಾನ ಮೊದಲ ಓದಸ್ರಿ.”

ಗೆಳತಿ ಓದಿ ಓದಿ ಮಗಳಿಗೆ ಬಾಯಿಪಾಠವಾಗಿದ್ದ ಲೋಹಗಳ ಪಾಠವನ್ನು ಆ್ಯಪಿನಲ್ಲಿ ಹಚ್ಚಿದೆ. ದನಿ ಬೆಣ್ಣೆಯಂತೆ ನುಣುಪಾಗಿತ್ತು. ‘ಕೆಳಗಿನ ಕೋಷ್ಟಕವನ್ನು ಗಮನಿಸಿ’ ಎಂದಿತು. ಉಸಿರು ಬದಲಿಸದೆ ಮುಂದಿನ ಪುಟಕ್ಕೆ ಹೋಯಿತು.

ಮಗಳು ನನ್ನ ಮುಂಗೈ ಹಿಡಿದಳು. “ನಿಲ್ಲಸ್ರಿ! ಕಬ್ಬಣ, ತಾಮ್ರ ಎಲ್ಲಿ ಹೋದ್ವು?”

“ಗುಜರಿಯವ ಒಯ್ದಾನ ನೋಡು,” ಎಂದಳು ತಾಯಿ.

ಪುಸ್ತಕ ತೆಗೆದು ನೋಡಿದೆ. ಕೋಷ್ಟಕ, ಚೌಕಟ್ಟಿನೊಳಗಿನ ಮಾತು, ಚಿತ್ರದ ಕೆಳಗಿನ ಸಾಲು, ಯಾವುದನ್ನೂ ಅದು ಓದಿರಲಿಲ್ಲ. ಅದು ಏನು ಕೇಳುತ್ತದೆ ಎಂದಷ್ಟೇ ನಾನು ಅಂಜಿದ್ದೆ. ಏನು ಹೇಳದೆ ಹೋಗುತ್ತದೆ ಎಂದು ನೋಡಿರಲಿಲ್ಲ.

“ಓದೂದು ಓದ್ಲಿ ಬಿಡ್ರಿ. ಬಿಟ್ಟದ್ದನ್ನ ನೀವು ಓದಿ ಫೋನಿನ್ಯಾಗ ತುಂಬಿ ಕೊಡ್ರಿ,” ಎಂದಳು ತಾಯಿ. ಹಾಗೆಯೇ ಮಾಡಿದೆ. ಆದರೆ ಓದುವಾಗ ನನಗೆ ಇನ್ನೊಂದು ನೆನಪಾಯಿತು. ಇದೇ ಆ್ಯಪನ್ನು ತಿಂಗಳ ಹಿಂದೆ ಹುನಗುಂದದಲ್ಲಿ, ಕಣ್ಣು ಕಾಣದ ಇನ್ನೊಬ್ಬ ವಿದ್ಯಾರ್ಥಿಗೆ ಪರೀಕ್ಷಿಸದೆ ಕೊಟ್ಟು ಬಂದಿದ್ದೆ.

ಮರುದಿನ ಮುಂಜಾನೆ ಹುನಗುಂದದ ಬಸ್ಸು ಹತ್ತಿದೆ. ನಡೆದದ್ದನ್ನು ಹೇಳಿದಾಗ ಆ ಹುಡುಗ, “ಸಾಲ್ಯಾಗ ಎಲ್ಲಾರೂ ಕೋಷ್ಟಕ, ಕೋಷ್ಟಕ ಅಂತಿದ್ರು. ನಂದ ಬ್ಯಾರೆ ಪುಸ್ತಕ ಇರಬೇಕು ಅಂತ ಸುಮ್ನಿದ್ನಿರಿ,” ಎಂದ. ಅವನ ಪುಸ್ತಕ ತರಿಸಿಕೊಂಡು ಮೊದಲನೇ ಪಾಠದಿಂದ ಆ್ಯಪ್ ಬಿಟ್ಟದ್ದನ್ನೆಲ್ಲ ಓದಿ ಫೋನಿಗೆ ತುಂಬಲು ಕೂತೆ. ಸಂಜೆಯ ಹೊತ್ತಿಗೆ ಆರು ಪಾಠ ಮುಗಿದವು.